ನನ್ನ ವೆಬ್‌ಸೈಟಲ್ಲಿ 2009 ಜನವರಿ 1ಕ್ಕೆ 64 ಮಿಲಿಮೀಟರ್ ಮಳೆ ಬಂದಿದೆ, ಇದೆಂತ ಕರ್ಮ ಮಾರಾಯ್ರೆ?

ತೋಟದಮೂಲೆ

ಎಲ್ಲರಿಗೂ ನಮಸ್ಕಾರ. ನಾನು ಕಂಪ್ಯೂಟರ್ ಕಲಿತವ ಅಲ್ಲ, ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ ಅಡಿಕೆ ತೋಟ, ಮಳೆಗಾಲದಲ್ಲಿ ಮಧ್ಯಾಹ್ನ ಮೇಲೆ ಕೆಲಸ ಇಲ್ಲದಾಗ ಹೀಗೆಲ್ಲ ಕೆದಕುದು ಅಭ್ಯಾಸ. ನಮ್ಮಪ್ಪ ಮೂವತ್ತು ವರ್ಷದಿಂದ ದಿನಾ ಬೆಳಗ್ಗೆ ಎಂಟೂವರೆಗೆ ಮಳೆ ಅಳೆದು ಪುಸ್ತಕದಲ್ಲಿ ಬರೀತಾರೆ, ನೀಲಿ ರಟ್ಟಿನ ಪುಸ್ತಕ, ಕೆಲವಕ್ಕೆ ಗೆದ್ದಲು ಹಿಡಿದಿದೆ. ಅದನ್ನೆಲ್ಲ ಒಂದು ವೆಬ್‌ಸೈಟಿಗೆ ಹಾಕುವ ಅಂತ ಹಳೇ ಡೆಸ್ಕ್‌ಟಾಪಲ್ಲಿ ವಿಂಡೋಸ್ 7ರ ಮೇಲೆ ಝಾಂಪ್ (ಮನೆ ಕಂಪ್ಯೂಟರನ್ನೇ ವೆಬ್ ಸರ್ವರ್ ಮಾಡುವ ಸಾಫ್ಟ್‌ವೇರ್) ಹಾಕಿ ಪಿಎಚ್‌ಪಿ ಅನ್ನುವ ಪ್ರೋಗ್ರಾಂ ಭಾಷೆಲಿ ಹೇಗೋ ಒಂದು ಫಾರ್ಮ್ ಮಾಡಿದೆ. ಈಗ ಅಪ್ಪ ಮೊಬೈಲಲ್ಲಿ ನಂಬರ್ ಒತ್ತಿ "ಸೇರಿಸು" ಅಂದ್ರೆ ಆಯ್ತು, ತಾರೀಕು ತನ್ನಷ್ಟಕ್ಕೆ ಬೀಳ್ತದೆ. ಬೀಳ್ಬೇಕು.

ಕಂಪ್ಯೂಟರ್ ಇರುದು ಚಾವಡಿಯ ಪತ್ತಾಯದ (ಭತ್ತ ತುಂಬಿಡುವ ಮರದ ಪೆಟ್ಟಿಗೆ) ಮೇಲೆ, ಮನೆಯಲ್ಲಿ ನೆಲ ಬೆವರದ ಜಾಗ ಅದೊಂದೇ. ಕೋರ್ ಟೂ ಡ್ಯುಯೋ, 2 ಜಿಬಿ ರಾಮ್. ನಗಾಡ್ಬೇಡಿ.

ಸಮಸ್ಯೆ ಎರಡು. ಒಂದನೇದು, ಜೂನ್ 14ರ ಮಳೆ 64 ಮಿಮೀ ಜೂನಲ್ಲಿ ಇಲ್ಲವೇ ಇಲ್ಲ, ಹುಡುಕಿ ಹುಡುಕಿ ನೋಡಿದ್ರೆ 2009 ಜನವರಿ 1ರಲ್ಲಿ ಕೂತಿದೆ. ಎರಡನೇದು, ಜೂನ್ 26ಕ್ಕೆ 208 ತೋರಿಸ್ತದೆ, 27ಕ್ಕೆ ಬರೀ 31. ಅಪ್ಪನ ಪುಸ್ತಕದಲ್ಲಿ 26ಕ್ಕೆ 96, 27ಕ್ಕೆ 143. ಎರಡು ದಿನದ ಟೋಟಲ್ ನೋಡಿದ್ರೆ ಎರಡೂ ಕಡೆ 239, ಸರಿ ಉಂಟು! ಹಾಗಾದ್ರೆ ಮಳೆ ಒಂದು ದಿನ ಮೊದಲೇ ಬಂತಾ?

ಎಸ್ಸೆಂಪಿಯೆಸ್_ಮಾವ

ಮದರ್‌ಬೋರ್ಡಿನ ಸೆಲ್ ಹೋಗಿದೆ. ಸಿಆರ್2032. ಹೋಗಿ ತೆಕ್ಕೊಂಡು ಬಾ.

ಅಡಿಕೆಸೋಗೆ

2009 ಜನವರಿಲಿ 64 ಮಿಮೀ ಮಳೆ ಬಂದಿದ್ರೆ ನಮ್ಮ ಅಂಗಳದ ಅಡಿಕೆ ಎಲ್ಲ ಬೂಸ್ಟು ಹಿಡಿದು ನಾನು ಈಗ ಇಲ್ಲಿ ಇರ್ತಿರ್ಲಿಲ್ಲ ಮಾರಾಯ 😂

ಹೊಸಂಗಡಿ_ಹುಡುಗಿ

ಮಾವ ಹೇಳಿದ್ದು ಸರಿ, ಆದ್ರೆ ಯಾಕೆ ಅಂತಲೂ ಹೇಳಿ ಮಾವ, ಪಾಪ ಅವರಿಗೆ ಗೊತ್ತಾಗ್ಬೇಕಲ್ಲ. ಅಣ್ಣ, ಕಂಪ್ಯೂಟರಿನ ಒಳಗೆ ರೂಪಾಯಿ ನಾಣ್ಯದ ಹಾಗೆ ಒಂದು ಸೆಲ್ ಇರ್ತದೆ, 3 ವೋಲ್ಟಿಂದು. ಕರೆಂಟು ಪೂರ್ತಿ ಹೋದಾಗ ಗಡಿಯಾರ ನಡೆಸುದು ಅದು. ಅದು ಸತ್ರೆ ಕರೆಂಟು ಬಂದ ಕೂಡ್ಲೆ ಬೋರ್ಡು ತನಗೆ ಫ್ಯಾಕ್ಟರಿಯಲ್ಲಿ ಬರೆದುಕೊಟ್ಟ ತಾರೀಕಿಗೆ ವಾಪಸ್ ಹೋಗ್ತದೆ, ನಿಮ್ಮದಕ್ಕೆ ಅದು 2009 ಜನವರಿ 1 ಇರ್ಬೇಕು. ಜೂನ್ 14ರ ಹಿಂದಿನ ರಾತ್ರಿ ಕರೆಂಟು ಹೋಗಿತ್ತಾ? ಮತ್ತೆ ಆ ದಿನ ಬ್ರೌಸರಲ್ಲಿ ಯಾವ ಸೈಟ್ ತೆರೆದ್ರೂ "ನಿಮ್ಮ ಗಡಿಯಾರ ಹಿಂದಿದೆ" ಅಂತ ಬೈತಿತ್ತಾ?

ತೋಟದಮೂಲೆ

@ಹೊಸಂಗಡಿ_ಹುಡುಗಿ ಹೌದಕ್ಕ! ರಾತ್ರಿ ಲೈನಿನ ಮೇಲೆ ತೆಂಗಿನ ಮರ ಬಿದ್ದು ಬೆಳಗ್ಗೆ ಏಳಕ್ಕೆ ಬಂದದ್ದು ಕರೆಂಟು. ಅಪ್ಪ ಎಂಟೂವರೆಗೆ ಒತ್ತಿದ್ದಾರೆ. ನಾನು ಸಂಜೆ ಬ್ಯಾಂಕಿನ ಸೈಟ್ ತೆರೀಲಿಕ್ಕೆ ಹೋದ್ರೆ ಸರ್ಟಿಫಿಕೇಟ್ ಸರಿ ಇಲ್ಲ ಅಂತ ಬಂತು, ನಾನು ಬ್ಯಾಂಕಿಗೇ ಬೈದು ಆಮೇಲೆ ಮೂಲೆಯ ತಾರೀಕು ನೋಡಿ ಕೈಯಲ್ಲೇ ಸರಿ ಮಾಡಿದ್ದೆ. ಬೆಳಗ್ಗಿನ ಮಳೆ ನೆನಪೇ ಆಗ್ಲಿಲ್ಲ. ಯುಪಿಎಸ್ಸಿನ ಬ್ಯಾಟರಿ ಸತ್ತು ಎರಡು ವರ್ಷ ಆಯ್ತು, ಈಗ ಅದು ಬರೀ ಕೀಂ ಕೀಂ ಮಾಡುವ ಡಬ್ಬ.

ಕುಂಬ್ಳೆ_ಕಡಲು

ಸೆಲ್ ಎಲ್ಲ ಬೇಡ. ನೆಟ್ ಇದ್ರೆ ವಿಂಡೋಸ್ ತಾನೇ ಟೈಮ್ ಸರಿ ಮಾಡಿಕೊಳ್ತದೆ. ಬೇಕಿಲ್ಲದ ಖರ್ಚು.

ಹೊಸಂಗಡಿ_ಹುಡುಗಿ

@ಕುಂಬ್ಳೆ_ಕಡಲು ಇಲ್ಲ, ಅಲ್ಲೇ ಮೋಸ ಇರುದು. ಮನೆಯಲ್ಲಿಡುವ ವಿಂಡೋಸ್ ವಾರಕ್ಕೊಂದು ಸಲ ಮಾತ್ರ ಇಂಟರ್‌ನೆಟ್ಟಿನ ಗಡಿಯಾರ ಕೇಳುದು, ಅದೂ ವ್ಯತ್ಯಾಸ 15 ಗಂಟೆಗಿಂತ ಜಾಸ್ತಿ ಇದ್ರೆ "ಇದು ನನ್ನಿಂದ ಆಗುವಂಥದ್ದಲ್ಲ" ಅಂತ ಸುಮ್ನೆ ಬಿಟ್ಟುಬಿಡ್ತದೆ. ಐದು ನಿಮಿಷ ಆಚೆ ಈಚೆ ಆದ್ರೆ ಸರಿ ಮಾಡ್ತದೆ, ವರ್ಷಗಟ್ಟಲೆ ಹಿಂದೆ ಬಿದ್ರೆ ಮಾಡುದಿಲ್ಲ. ನೀವೇ ಕೈಹಾಕ್ಬೇಕು.

ಕುಂಬ್ಳೆ_ಕಡಲು

ಓ ಹಾಗಾ. ಗೊತ್ತಿರ್ಲಿಲ್ಲ. ಹಿಂದೆ ತೆಕ್ಕೊಂಡೆ.

ಎಸ್ಸೆಂಪಿಯೆಸ್_ಮಾವ

ನಾನು ಚಿಕ್ಕದಾಗಿ ಹೇಳಿದ್ದು ಯಾಕೆ ಅಂದ್ರೆ ಟೈಪ್ ಮಾಡ್ಲಿಕ್ಕೆ ಉದಾಸೀನ. ಈಗ ಕೂತಿದ್ದೇನೆ ಹೇಳ್ತೇನೆ ಕೇಳು. ಇಪ್ಪತ್ತು ವರ್ಷ ಇದೇ ರಿಪೇರಿ ಕೆಲಸ ಮಾಡಿದವ ನಾನು, ನಮ್ಮೂರಿನ ಮಳೆಗಾಲದಲ್ಲಿ ಕಂಪ್ಯೂಟರ್ ಹಾಳಾದ್ರೆ ಹತ್ತರಲ್ಲಿ ಆರು ಸಲ ಕಾರಣ ವೈರಸ್ ಅಲ್ಲ, ಜೀವಂತ ಪ್ರಾಣಿ. ಒಂದು ಮನೆಗೆ ಹೋಗಿದ್ದೆ, ಡೆಸ್ಕ್‌ಟಾಪ್ ಆನ್ ಆದ್ರೆ ಎರಡು ಸೆಕೆಂಡಲ್ಲಿ ಆಫ್. ಎಸ್‌ಎಂಪಿಎಸ್ (ಒಳಗೆ ಕರೆಂಟು ಹಂಚುವ ಡಬ್ಬ) ಬಿಚ್ಚಿ ನೋಡಿದ್ರೆ ಹಲ್ಲಿ, ಅಡ್ಡಲಾಗಿ ಮಲಗಿ ಒಣಗಿ ಕರಿಮೀನಿನ ಹಾಗೆ ಆಗಿದೆ, ಬಾಲ ಒಂದು ಕಡೆ ತಲೆ ಇನ್ನೊಂದು ಕಡೆ ಸರ್ಕ್ಯೂಟಿಗೆ ಮುಟ್ಟಿಕೊಂಡು. ಬೆಚ್ಚಗೆ ಇರ್ತದಲ್ಲ ಒಳಗೆ, ಮಳೆಗಾಲದಲ್ಲಿ ಅವಕ್ಕೂ ಜಾಗ ಬೇಡ್ವಾ. ಹಿಂದೆ ಕಾರ್ಡು ಹಾಕುವ ಕಿಂಡಿಗೆ ತಗಡಿನ ಪಟ್ಟಿ ಇರ್ತದಲ್ಲ, ಅದು ಬಿದ್ದುಹೋಗಿದ್ರೆ ಸೊಳ್ಳೆಬಲೆ ತುಂಡು ಅಂಟಿಸು. ರಟ್ಟು ಅಂಟಿಸ್ಬೇಡ, ಗಾಳಿ ಆಡುದಿಲ್ಲ.

ಸೆಲ್ಲಿಗೆ ಪೇಟೆಯ ವಾಚಿನ ಅಂಗಡಿಗೆ ಹೋಗು, ತೂಕದ ಮೆಶಿನಿಗೂ ಕೆಲವು ಕಾರಿನ ರಿಮೋಟಿಗೂ ಅದೇ ಸೆಲ್. ಹಾಕುವಾಗ ಪ್ಲಸ್ ಮೇಲೆ. ಮೊದಲು ಪ್ಲಗ್ ತೆಗಿ!! ಸ್ವಿಚ್ ಆಫ್ ಮಾಡಿದ್ರೆ ಸಾಕು ಅಂತ ಕೈ ಹಾಕ್ಬೇಡ.

ಅಡಿಕೆಸೋಗೆ

ಮಾವ ನಾನು ಊಟ ಮಾಡ್ತಾ ಓದ್ತಿದ್ದೆ, ತಟ್ಟೆಲಿ ಕರಿಮೀನೇ ಇತ್ತು 🤢

ನಿವೃತ್ತ_ಮಾಷ್

ಇಲ್ಲಿ ಮೂಲ ಸಮಸ್ಯೆ ಯಾರೂ ಹೇಳ್ತಾ ಇಲ್ಲ. ವಿಂಡೋಸ್ 7ಕ್ಕೆ ಕಂಪೆನಿಯ ಬೆಂಬಲ ಮುಗಿದದ್ದು 2020 ಜನವರಿಯಲ್ಲಿ. ಅದರಲ್ಲಿ ಬ್ಯಾಂಕಿನ ಸೈಟ್ ಬೇರೆ ತೆರೀತೀರಿ! ವಿಂಡೋಸಿನ ಬದಲು ದುಡ್ಡಿಲ್ಲದೆ ಸಿಗುವ ಲಿನಕ್ಸ್ ಹಾಕಿ. ನಮ್ಮ ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲಿ ಶುರುವಾದದ್ದು, ಆಮೇಲೆ ಎಲ್ಲವೂ ಗ್ನೂ ಲಿನಕ್ಸಿಗೆ ಬಂತು, ಈಗ ಆ ಯೋಜನೆಯೇ ಕೈಟ್ ಅನ್ನುವ ಸಂಸ್ಥೆ ಆಗಿದೆ. ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸಲ್ಲೇ ಕನ್ನಡ ಟೈಪ್ ಮಾಡಿ ಕಲೀತಾರೆ, ನೀವು ದೊಡ್ಡವರಿಗೆ ಆಗುದಿಲ್ವಾ?

ಕುಂಬ್ಳೆ_ಕಡಲು

ಬಂತು ಲಿನಕ್ಸು. ಇಷ್ಟು ಹೊತ್ತು ಯಾರೂ ಹೇಳ್ಲಿಲ್ಲ ಅಂತ ಎಣಿಸ್ತಾ ಇದ್ದೆ.

ತೋಟದಮೂಲೆ

ಮಾಷ್, ಹಾಕ್ಬೇಕು ಅಂತ ಆಸೆ ಉಂಟು. ಮಗಳ ಶಾಲೆಲಿ ಅದೇ. ಅವಳು ನನ್ನ ಕಂಪ್ಯೂಟರ್ ನೋಡಿ "ಅಪ್ಪ ಇದು ಮ್ಯೂಸಿಯಮ್ಮಿಗೆ ಕೊಡು" ಅಂದಿದ್ದಾಳೆ. ಆದ್ರೆ ಹಳೇ ಸ್ಕ್ಯಾನರಿನ ಡ್ರೈವರ್ ವಿಂಡೋಸಿಗೆ ಮಾತ್ರ ಸಿಕ್ಕಿದ್ದು, ಪುಸ್ತಕದ ಹಾಳೆ ಸ್ಕ್ಯಾನ್ ಮಾಡಿ ಮುಗೀಲಿ, ಆಮೇಲೆ ನೋಡುವ. ಬ್ಯಾಂಕ್ ಇನ್ನು ಅದರಲ್ಲಿ ತೆರೆಯುದಿಲ್ಲ, ಒಪ್ಪಿದೆ.

ನಿವೃತ್ತ_ಮಾಷ್

ಹಳೇ ಸ್ಕ್ಯಾನರ್ ತುಂಬಾ ಲಿನಕ್ಸಲ್ಲಿ ಬೇರೆ ಡ್ರೈವರ್ ಹಾಕದೆ ಓಡ್ತವೆ. ಪೆನ್‌ಡ್ರೈವಿಂದ ಬೂಟ್ ಮಾಡಿ ಒಂದು ಸಲ ಪರೀಕ್ಷೆ ಮಾಡಿ, ಇನ್‌ಸ್ಟಾಲ್ ಮಾಡ್ಬೇಕಂತಲೂ ಇಲ್ಲ. ಇಷ್ಟೇ ನಾನು ಹೇಳುದು, ಇನ್ನು ಮಾತಾಡುದಿಲ್ಲ.

ತೋಟದಮೂಲೆ

ಅಪ್‌ಡೇಟ್. ಸೆಲ್ ತಂದು ಹಾಕಿದೆ. ಹಳೇದನ್ನು ಮಲ್ಟಿಮೀಟರಲ್ಲಿ ಹಿಡಿದು ನೋಡಿದ್ರೆ 1.1 ವೋಲ್ಟ್. ಪ್ಲಗ್ ತೆಗೆದು ಅರ್ಧ ಗಂಟೆ ಬಿಟ್ಟು ಹಾಕಿದೆ, ತಾರೀಕು ಗಟ್ಟಿ ನಿಂತಿದೆ. ಮಾವನಿಗೆ ದೊಡ್ಡ ನಮಸ್ಕಾರ. ಒಳಗೆ ಹಲ್ಲಿ ಇರ್ಲಿಲ್ಲ, ಆದ್ರೆ ಕುಂಬಾರ ಹುಳದ ಮಣ್ಣಿನ ಗೂಡು ಫ್ಯಾನಿನ ಬದಿಯಲ್ಲೇ ಇತ್ತು.

ಆದ್ರೆ ಎರಡನೇ ಸಮಸ್ಯೆ ಹಾಗೇ ಉಂಟು. ಮೊನ್ನೆ ರಾತ್ರಿಯ ಮಳೆಯೂ ಹಿಂದಿನ ದಿನಕ್ಕೇ ಹೋಗಿದೆ, ಗಡಿಯಾರ ಸರಿ ಇದ್ದಾಗಲೇ!

ಅಡಿಕೆಸೋಗೆ

ಅಪ್ಪ ಎರಡು ಸಲ ಒತ್ತಿರ್ಬೇಕು. ವಯಸ್ಸಾದವರಿಗೆ ಟಚ್‌ಸ್ಕ್ರೀನ್ ಹಾಗೆ ಆಗ್ತದೆ, ನಮ್ಮ ಅಮ್ಮ ಒಂದೇ ಗುಡ್ ಮಾರ್ನಿಂಗ್ ಐದು ಸಲ ಕಳಿಸ್ತಾರೆ.

ತೋಟದಮೂಲೆ

ಇದನ್ನು ಅಪ್ಪನಿಗೆ ಓದಿ ಹೇಳಿದೆ, ಹೇಳ್ಬಾರ್ದಿತ್ತು. "ಮೂವತ್ತು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ, ನಿನ್ನ ಮೆಶಿನಿಗೆ ತಾರೀಕು ನೋಡ್ಲಿಕ್ಕೆ ಬರುದಿಲ್ಲ, ನನಗೆ ಬೆರಳು ನಡುಗ್ತದಂತೆ" ಅಂತ ಹೇಳಿ ಪುಸ್ತಕ ತೆಕ್ಕೊಂಡು ಒಳಗೆ ಹೋದ್ರು.

ಹೊಸಂಗಡಿ_ಹುಡುಗಿ

ಅಪ್ಪ ಹೇಳಿದ್ದೇ ಸರಿ ಇರ್ಬಹುದು ಅಣ್ಣ 😄 ಎರಡು ಸಲ ಒತ್ತಿದ್ರೆ ಒಂದೇ ನಂಬರ್ ಎರಡು ಸಲ ಬರ್ಬೇಕು, ಟೋಟಲೂ ಜಾಸ್ತಿ ಆಗ್ಬೇಕು. ನಿಮ್ಮ ಲೆಕ್ಕದಲ್ಲಿ 208ರಲ್ಲಿ 96 ಕಳೆದ್ರೆ 112. 112ಕ್ಕೆ 31 ಸೇರಿಸಿದ್ರೆ 143. ಅಂದ್ರೆ 27ರ ಮಳೆ ಎರಡು ಕಂತಲ್ಲಿ ಸೇರಿಸಿದ್ದಾರೆ, ಅದರಲ್ಲಿ 112ರ ಕಂತು 26ಕ್ಕೆ ಹೋಗಿದೆ. ಆ 112 ಎಷ್ಟು ಗಂಟೆಗೆ ಒತ್ತಿದ್ದು ಅಂತ ಸಿಟ್ಟು ಇಳಿದ ಮೇಲೆ ಕೇಳಿ.

ತೋಟದಮೂಲೆ

ಕೇಳಿದೆ. ನಮ್ಮ ಮಾಪಕದಲ್ಲಿ 120 ಮಿಮೀಯೇ ಹಿಡಿಯುದು, ಜೋರು ಮಳೆ ಬಂದ ರಾತ್ರಿ ತುಂಬಿ ಚೆಲ್ಲಿದ್ರೆ ಲೆಕ್ಕ ಹೋಯ್ತಲ್ಲ, ಹಾಗಾಗಿ ಅಪ್ಪ ಮಾಡಿನ ಶಬ್ದ ಕೇಳಿಯೇ ಅಂದಾಜು ಮಾಡ್ತಾರೆ. 26ರ ರಾತ್ರಿ ಎರಡು ಗಂಟೆಗೆ ಎದ್ದು ಟಾರ್ಚು ಹಿಡಿದು ಕೊಡೆ ಹಿಡಿದು ಅಂಗಳಕ್ಕೆ ಹೋಗಿ ನೋಡಿದ್ರೆ 112ಕ್ಕೆ ಬಂದಿತ್ತಂತೆ, ಖಾಲಿ ಮಾಡಿ, ಒಳಗೆ ಬಂದು ಮೊಬೈಲಲ್ಲಿ ಒತ್ತಿ ಮಲಗಿದ್ದು. ಬೆಳಗ್ಗೆ ಮತ್ತೆ 31. ನಮಗೆ ಯಾರಿಗೂ ಗೊತ್ತೇ ಇರ್ಲಿಲ್ಲ ಅವರು ಹೀಗೆ ಏಳುದು.

ಆದ್ರೂ ಎರಡು ಗಂಟೆ ಅಂದ್ರೆ 27ನೇ ತಾರೀಕೇ ಅಲ್ವಾ?

ಗಡಿಪ್ರದೇಶ_404

ನಾನು ಇಷ್ಟು ಹೊತ್ತು ಸುಮ್ನೆ ಓದ್ತಾ ಇದ್ದೆ, ಈಗ ತಡೀಲಿಕ್ಕೆ ಆಗ್ಲಿಲ್ಲ. ಝಾಂಪ್ ಅಂದ್ರಲ್ಲ? ಅದರ ಪಿಎಚ್‌ಪಿ ಸೆಟ್ಟಿಂಗ್ ಫೈಲ್ ತೆರೆದು "ಡೇಟ್ ಟೈಮ್‌ಝೋನ್" ಅಂತ ಹುಡುಕಿ. ಎಂತ ಬರೆದಿದೆ ಹೇಳಿ.

ತೋಟದಮೂಲೆ

ಯೂರೋಪ್ ಬರ್ಲಿನ್ ಅಂತ ಉಂಟು. ಇದೆಂತ?

ಗಡಿಪ್ರದೇಶ_404

ಅದೇ! ಝಾಂಪ್ ಮಾಡಿದವರು ಜರ್ಮನಿಯವರು, ಅವರ ಊರಿನ ಟೈಮ್ ಹಾಕಿಯೇ ಬರ್ತದೆ, ನಮ್ಮದು ನಾವು ಹಾಕಿಕೊಳ್ಬೇಕು. ಬೇಸಗೆಯಲ್ಲಿ ಬರ್ಲಿನ್ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ನಿಮ್ಮಪ್ಪ ರಾತ್ರಿ ಎರಡು ಗಂಟೆಗೆ ಒತ್ತುವಾಗ ಬರ್ಲಿನ್ನಲ್ಲಿ ಹಿಂದಿನ ದಿನದ ರಾತ್ರಿ ಹತ್ತೂವರೆ. ಬೆಳಗ್ಗೆ ಎಂಟೂವರೆಗೆ ಒತ್ತುವಾಗ ಅಲ್ಲಿ ಬೆಳಗ್ಗೆ ಐದು, ತಾರೀಕು ಒಂದೇ, ಹಾಗಾಗಿ ಇಷ್ಟು ದಿನ ಯಾರಿಗೂ ಗೊತ್ತಾಗ್ಲಿಲ್ಲ. ವಿಂಡೋಸಿನ ಮೂಲೆಯ ಗಡಿಯಾರ ನೋಡಿದ್ರೆ ಸರಿಯೇ ಇರ್ತದೆ, ಪಿಎಚ್‌ಪಿ ತನ್ನದೇ ಲೆಕ್ಕದಲ್ಲಿ ಇರ್ತದೆ.

ಅಡಿಕೆಸೋಗೆ

ಬದಿಯಡ್ಕದ ಮಳೆ ಬರ್ಲಿನ್ನಲ್ಲಿ ಬಿತ್ತು 😂😂😂 ಅಪ್ಪನ ಹತ್ರ ಕ್ಷಮೆ ಕೇಳಿದ್ದೇನೆ ಅಂತ ಹೇಳಿ, ಟಚ್‌ಸ್ಕ್ರೀನ್ ಮಾತು ವಾಪಸ್.

ಎಸ್ಸೆಂಪಿಯೆಸ್_ಮಾವ

ಇದು ನನಗೂ ಗೊತ್ತಿರ್ಲಿಲ್ಲ. ನಾನು ಹಾರ್ಡ್‌ವೇರಿನವ.

ತೋಟದಮೂಲೆ

ಏಷ್ಯಾ ಕೋಲ್ಕತಾ ಅಂತ ಬದಲಾಯಿಸಿದೆ. ಎಂತದೂ ಆಗ್ಲಿಲ್ಲ. ಈಗ್ಲೂ ಬರ್ಲಿನ್ ಟೈಮೇ.

ಗಡಿಪ್ರದೇಶ_404

ಅಪಾಚೆ (ಝಾಂಪಿನೊಳಗೆ ಸೈಟ್ ತೋರಿಸುವ ಸರ್ವರ್) ಸ್ಟಾಪ್ ಮಾಡಿ ಸ್ಟಾರ್ಟ್ ಮಾಡಿದ್ರಾ? ಅದು ಶುರು ಆಗುವಾಗ ಒಂದೇ ಸಲ ಆ ಫೈಲ್ ಓದುದು.

ತೋಟದಮೂಲೆ

ಮಾಡಿದೆ. ಇಲ್ಲ.

ಗಡಿಪ್ರದೇಶ_404

ಫೈಲಿನ ಕೊನೆವರೆಗೆ ಹುಡುಕಿ. ಅದೇ ಸಾಲು ಎರಡು ಕಡೆ ಇರ್ತದೆ ಕೆಲವು ಸಲ, ಕೆಳಗಿನದ್ದೇ ಗೆಲ್ಲುದು.

ತೋಟದಮೂಲೆ

ಇತ್ತು ಮಾರಾಯ್ರೆ!! ಕಟ್ಟಕಡೆಗೆ ಇನ್ನೊಂದು ಬರ್ಲಿನ್. ನಾನು ಮೇಲಿನದ್ದು ಮಾತ್ರ ತಿದ್ದಿದ್ದೆ. ಈಗ ಸರಿ ಆಯ್ತು, ಪರೀಕ್ಷೆಗೆ ರಾತ್ರಿ ಹನ್ನೆರಡೂ ಕಾಲಿಗೆ ಸೊನ್ನೆ ಒತ್ತಿ ನೋಡಿದೆ, ಹೊಸ ತಾರೀಕಿಗೇ ಬಿತ್ತು.

ಮುಳ್ಳೇರಿಯ_ಮಳೆ

ತಡವಾಗಿ ಬಂದೆ. ನಾನೂ ಮಳೆ ಅಳೆಯುವವ, ಒಂದು ತಕರಾರು ಉಂಟು. ಹವಾಮಾನ ಇಲಾಖೆಯ ಕ್ರಮ ಅಂದ್ರೆ ಬೆಳಗ್ಗೆ ಎಂಟೂವರೆಯಿಂದ ಮರುದಿನ ಬೆಳಗ್ಗೆ ಎಂಟೂವರೆವರೆಗೆ ಬಿದ್ದದ್ದು ಒಂದು ದಿನ, ಬರೆಯುದು ಅಳೆದ ದಿನದ ತಾರೀಕಿಗೆ. ಹಾಗಾಗಿ ನೀವು ಬರ್ಲಿನ್ ತೆಗೆದ್ರೂ ತಪ್ಪು ಪೂರ್ತಿ ಹೋಗ್ಲಿಲ್ಲ. 26ರ ರಾತ್ರಿ ಹನ್ನೊಂದು ಗಂಟೆಗೆ ಮಾಪಕ ತುಂಬಿ ಖಾಲಿ ಮಾಡಿದ್ರೆ ಅದು ನಿಮ್ಮ ಸೈಟಲ್ಲಿ 26ಕ್ಕೆ ಬೀಳ್ತದೆ, ಲೆಕ್ಕ ಪ್ರಕಾರ 27ಕ್ಕೆ ಬೀಳ್ಬೇಕು. ಫಾರ್ಮಲ್ಲಿ ಎಂಟೂವರೆ ಕಳೆದು ಒತ್ತಿದ್ದೆಲ್ಲ ನಾಳೆಗೆ ಅಂತ ಹಾಕಿ.

ಕುಂಬ್ಳೆ_ಕಡಲು

ಹಾಗೆ ಹಾಕಿದ್ರೆ ಎಂಟು ಮೂವತ್ತೈದಕ್ಕೆ ಒತ್ತಿದ ದಿನ ಇಡೀ ಮಳೆ ನಾಳೆಗೆ ಹೋಗ್ತದೆ. ಚಾ ಕುಡಿದು ಬರುವಷ್ಟರಲ್ಲಿ ಐದು ನಿಮಿಷ ತಡ ಆಗುದಿಲ್ವಾ?

ಮುಳ್ಳೇರಿಯ_ಮಳೆ

ಹತ್ತು ಗಂಟೆ ಅಂತ ಇಡಿ ಆಗ.

ಕುಂಬ್ಳೆ_ಕಡಲು

ಹತ್ತೂ ಐದಕ್ಕೆ ಒತ್ತಿದ್ರೆ?

ಮುಳ್ಳೇರಿಯ_ಮಳೆ

ನಿಮ್ಮ ಹತ್ರ ವಾದ ಮಾಡ್ಲಿಕ್ಕೆ ನನಗೆ ಪುರುಸೊತ್ತಿಲ್ಲ.

ಹೊಸಂಗಡಿ_ಹುಡುಗಿ

ಎರಡು ಬಟನ್ ಮಾಡಿ ಅಣ್ಣ. ಒಂದು "ಬೆಳಗ್ಗಿನ ಲೆಕ್ಕ", ಒಂದು "ಮಧ್ಯೆ ಖಾಲಿ ಮಾಡಿದ್ದು". ಎರಡನೇದಕ್ಕೆ ತಾರೀಕು ಬೇಡ, ಮುಂದಿನ ಬೆಳಗ್ಗಿನ ಲೆಕ್ಕ ಬಂದಾಗ ಅದಕ್ಕೆ ಕೂಡಿಸಿದ್ರೆ ಆಯ್ತು. ಅಪ್ಪ ಪುಸ್ತಕದಲ್ಲಿ ಮಾಡುದೂ ಅದೇ ಅಲ್ವಾ, 112 ಪೆನ್ಸಿಲಲ್ಲಿ ಎಲ್ಲೋ ಬದಿಯಲ್ಲಿ ಬರೆದಿರ್ತಾರೆ ನೋಡಿ.

ತೋಟದಮೂಲೆ

ನೋಡಿದೆ ಅಕ್ಕ. ಉಂಟು! ಅಂಚಿನಲ್ಲಿ ಪೆನ್ಸಿಲಲ್ಲಿ "112 ರಾ." ಅಂತ. ನಾನು ಈ ಪೆನ್ಸಿಲ್ ನಂಬರೆಲ್ಲ ಇಷ್ಟು ದಿನ ಅಡಿಕೆ ಲೆಕ್ಕ ಅಂತ ಎಣಿಸಿ ಬಿಟ್ಟಿದ್ದೆ. ಎರಡು ಬಟನ್ ಹಾಕ್ತೇನೆ.

ಪೆರ್ಲದ_ಪೋಕ್ರಿ

ಸಂಬಂಧ ಇಲ್ಲದ ಪ್ರಶ್ನೆ. ನನ್ನದು ಯಕ್ಷಗಾನ ಪ್ರಸಂಗಗಳ ಪಟ್ಟಿಯ ಸೈಟ್, ಮೊದಲು ಬಾಡಿಗೆ ಹೋಸ್ಟಿಂಗಲ್ಲಿತ್ತು, ಮನೆ ಕಂಪ್ಯೂಟರಿಗೆ ತಂದ ಮೇಲೆ ಕನ್ನಡ ಎಲ್ಲ ಬರೀ ಪ್ರಶ್ನೆ ಚಿಹ್ನೆ. ನಾಲ್ಕು ಸಾವಿರ ಪ್ರಶ್ನೆ ಚಿಹ್ನೆ ನನ್ನನ್ನೇ ನೋಡ್ತಾ ಇವೆ.

ಗಡಿಪ್ರದೇಶ_404

ಡೇಟಾಬೇಸ್ ಟೇಬಲ್ ಲ್ಯಾಟಿನ್1 ಅನ್ನುವ ಅಕ್ಷರಕ್ರಮದಲ್ಲಿ ಆಗಿರ್ತದೆ, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಕೆಟ್ಟ ಸುದ್ದಿ ಏನಂದ್ರೆ ಪ್ರಶ್ನೆ ಚಿಹ್ನೆ ಆಗಿ ಉಳಿದದ್ದು ವಾಪಸ್ ಬರುದಿಲ್ಲ, ಅಕ್ಷರ ಹೋಗಿ ಚಿಹ್ನೆಯೇ ಕೂತಿದೆ. ಎ ಮೇಲೆ ಓರೆ ಗೀಟು ಹಾಕಿದ ವಿಚಿತ್ರ ಇಂಗ್ಲಿಷ್ ಅಕ್ಷರ ಕಾಣ್ತಿದ್ರೆ ಉಳಿಸಬಹುದಿತ್ತು. ಹಳೇ ಬ್ಯಾಕಪ್ ಇದ್ರೆ ಮೊದಲು ಟೇಬಲನ್ನು ಎಲ್ಲ ಭಾಷೆಯ ಅಕ್ಷರ ಹಿಡಿಯುವ ಯುಟಿಎಫ್8ಎಂಬಿ4 ಮಾಡಿ ಆಮೇಲೆ ಪುನಃ ಹಾಕಿ, ಇಂಪೋರ್ಟ್ ಮಾಡುವಾಗಲೂ ಅದನ್ನೇ ಆರಿಸಿ.

ಪೆರ್ಲದ_ಪೋಕ್ರಿ

ಬ್ಯಾಕಪ್ ಉಂಟು, ಬದುಕಿದೆ. ಅದರಲ್ಲಿ ಅರ್ಧ ಹಳೇ ನುಡಿ ಫಾಂಟಿದ್ದು, ಅದು ಬೇರೆ ಕಥೆ.

ನಿವೃತ್ತ_ಮಾಷ್

ಮಾತಾಡುದಿಲ್ಲ ಅಂದಿದ್ದೆ, ಆದ್ರೆ ಕನ್ನಡದ ವಿಷಯ ಬಂತಲ್ಲ. ಹಳೇ ನುಡಿ, ಬರಹ ಫೈಲಿನಲ್ಲಿರುದು ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕೂರಿಸಿದ ಕನ್ನಡದ ಚಿತ್ರ, ಫಾಂಟ್ ತೆಗೆದ್ರೆ ಕಸ. ಮೊದಲು ಯೂನಿಕೋಡಿಗೆ ಪರಿವರ್ತಿಸಿ. ಆದ ಮೇಲೆ ಅರ್ಕಾವತ್ತು ಕಣ್ಣಲ್ಲೇ ನೋಡಿ ತಿದ್ದಿ, "ರ್‍ಯಾಂಕ್" ಇದ್ದದ್ದು "ರ್ಯಾಂಕ್" ಆಗಿರ್ತದೆ, ಮಧ್ಯದ ಕಾಣದ ಅಕ್ಷರ ಉದುರಿ ಹೋಗಿರ್ತದೆ. ಅಂದ ಹಾಗೆ ತುಳು-ತಿಗಳಾರಿ ಲಿಪಿಯೂ 2024ರಲ್ಲಿ ಯೂನಿಕೋಡ್ 16ಕ್ಕೆ ಸೇರಿತು, ಗೊತ್ತುಂಟಲ್ಲ?

ಅಡಿಕೆಸೋಗೆ

ಗೊತ್ತುಂಟು ಮಾಷ್, ಓದ್ಲಿಕ್ಕೆ ಬರುದಿಲ್ಲ ಅಷ್ಟೇ.

ಎಸ್ಸೆಂಪಿಯೆಸ್_ಮಾವ

@ತೋಟದಮೂಲೆ ಸೈಟ್ ಹೊರಗಿನವರಿಗೂ ಕಾಣ್ತದಾ, ಮನೆಯೊಳಗೆ ಮಾತ್ರವಾ?

ತೋಟದಮೂಲೆ

ಮನೆ ವೈಫೈಯಲ್ಲಿ ಮಾತ್ರ. ಹೊರಗೆ ಬಿಡ್ಲಿಕ್ಕೆ ರೌಟರಲ್ಲಿ ಪೋರ್ಟ್ ತೆರೆದು ನೋಡಿದೆ, ಆಗ್ಲಿಲ್ಲ. ಬೆಂಗಳೂರಲ್ಲಿರುವ ತಮ್ಮನಿಗೆ ತೋರಿಸ್ಬೇಕು ಅಂತ ಇತ್ತು, ಅವನಿಗೆ ಊರಿನ ಮಳೆ ಎಷ್ಟು ಅಂತ ದಿನಾ ಕೇಳದೆ ನಿದ್ದೆ ಬರುದಿಲ್ಲ.

ಗಡಿಪ್ರದೇಶ_404

ಆಗದ್ದೇ ಒಳ್ಳೇದಾಯ್ತು! ಝಾಂಪ್ ಮನೆಯೊಳಗೆ ಕಲಿಯಲಿಕ್ಕೆ ಮಾಡಿದ್ದು, ಡೇಟಾಬೇಸಿನ ಮುಖ್ಯ ಖಾತೆ ರೂಟ್‌ಗೆ ಪಾಸ್‌ವರ್ಡೇ ಇರುದಿಲ್ಲ, ಹೊರಗೆ ಬಿಟ್ರೆ ಚಾವಡಿ ಬಾಗಿಲು ತೆರೆದಿಟ್ಟು ಮಲಗಿದ ಹಾಗೆ. ರೌಟರಲ್ಲಿ ತೋರಿಸುವ ಐಪಿ 100.64ರಿಂದ 100.127ರ ಒಳಗೆ ಶುರು ಆಗ್ತದಾ ನೋಡಿ. ಹಾಗಿದ್ರೆ ನಿಮ್ಮ ನೆಟ್ಟಿನವರು ಒಂದೇ ವಿಳಾಸವನ್ನು ತುಂಬಾ ಮನೆಗೆ ಹಂಚಿದ್ದಾರೆ, ಪೋರ್ಟ್ ಎಷ್ಟು ತೆರೆದ್ರೂ ಪ್ರಯೋಜನ ಇಲ್ಲ. ಸುಲಭ ದಾರಿ ಅಂದ್ರೆ ರಾತ್ರಿಗೊಮ್ಮೆ ಲೆಕ್ಕವನ್ನು ಬರೀ ಎಚ್‌ಟಿಎಂಎಲ್ ಪುಟ ಮಾಡಿ ಗಿಟ್‌ಹಬ್ ಪೇಜಸ್ ತರದ ಕಡೆ ಹಾಕಿ, ದುಡ್ಡಿಲ್ಲ, ಕರೆಂಟು ಹೋದ್ರೂ ಸೈಟ್ ಇರ್ತದೆ.

ತೋಟದಮೂಲೆ

100.72 ಅಂತ ಉಂಟು. ಸರಿ, ಪುಟ ಮಾಡುವ ದಾರಿಯೇ ನೋಡ್ತೇನೆ. ತೆರೆದ ಪೋರ್ಟ್ ಮುಚ್ಚಿದೆ.

ಎಸ್ಸೆಂಪಿಯೆಸ್_ಮಾವ

ಇನ್ನೊಂದು. ಗುಡುಗು ಕೇಳಿದ ಕೂಡ್ಲೆ ಕರೆಂಟು ಪ್ಲಗ್ ಮಾತ್ರ ಅಲ್ಲ, ಮೋಡೆಮಿಂದ ಕಂಪ್ಯೂಟರಿಗೆ ಬರುವ ಲ್ಯಾನ್ ವಯರೂ ಎಳೆದು ಹಾಕು. ಅಕ್ಟೋಬರದ ಸಂಜೆ ಸಿಡಿಲಿಗೆ ಬೋರ್ಡಿನ ಲ್ಯಾನ್ ಪೋರ್ಟ್ ಮಾತ್ರ ಸುಟ್ಟು ಬಾಕಿ ಎಲ್ಲ ಸರಿ ಇರುವ ಕಂಪ್ಯೂಟರ್ ನಾನು ಎಷ್ಟು ನೋಡಿದ್ದೇನೆ ಅಂತ ಲೆಕ್ಕ ಇಲ್ಲ. ಅರ್ತಿಂಗ್ ಗುಂಡಿಗೆ ಬೇಸಗೆಯಲ್ಲಿ ನೀರು ಹಾಕು.

ಬೋರ್ಡೋ_ಭಾವ

ಎಲ್ಲ ಓದಿದೆ, ಕಂಪ್ಯೂಟರ್ ಒಂದೂ ಅರ್ಥ ಆಗ್ಲಿಲ್ಲ. ಅಡಿಕೆಗೆ ಕೊಳೆರೋಗದ ಎರಡನೇ ಮದ್ದು ಬಿಡುವ ಸಮಯ ಬಂತು, ಮೊದಲಿಂದು ಬಿಟ್ಟು ನಲವತ್ತು ದಿನ ಆಯ್ತು. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೂರು ಲೀಟರ್ ನೀರು, ಎಲ್ಲ ತಯಾರು ಉಂಟು, ಒಣ ದಿನ ಮಾತ್ರ ಇಲ್ಲ. ನಿಮ್ಮಪ್ಪನ ಹಳೇ ಪುಸ್ತಕದಲ್ಲಿ ಆಟಿ ತಿಂಗಳಲ್ಲಿ (ಜುಲೈ ನಡುವಿಂದ ಆಗಸ್ಟ್ ನಡುವರೆಗೆ) ಸಾಲಾಗಿ ಎರಡು ದಿನ ಮಳೆ ಇಲ್ಲದ್ದು ಸುಮಾರಾಗಿ ಯಾವಾಗ ಬರ್ತದೆ ನೋಡಿ ಹೇಳ್ತೀರಾ ಭಾವ?

ತೋಟದಮೂಲೆ

ಭಾವ, ಅಪ್ಪನ ಹತ್ರವೇ ಕೇಳಿದೆ. ಪುಸ್ತಕ ತೆರೀಲೂ ಇಲ್ಲ, "ಹಿಂದಿನ ಮಳೆ ನೋಡಿ ಮುಂದಿನ ಮದ್ದು ಬಿಟ್ಟವ ಉದ್ಧಾರ ಆದದ್ದು ನಾನು ನೋಡ್ಲಿಲ್ಲ, ಆಕಾಶ ನೋಡ್ಲಿಕ್ಕೆ ಹೇಳು" ಅಂದ್ರು. ಆದ್ರೂ ನಾನು ಹತ್ತು ವರ್ಷದ್ದು ತೆಗೆದು ಹಾಕ್ತೇನೆ, ಎರಡು ದಿನ ಸಮಯ ಕೊಡಿ.

ಮತ್ತೆ ಎಲ್ಲರಿಗೂ ಹೇಳ್ಬೇಕಾದ್ದು. 26, 27 ಸರಿ ಮಾಡಿದೆ, 2009ರ 64 ಮಿಮೀಯನ್ನು ಜೂನ್ 14ಕ್ಕೆ ತಂದೆ. ನಿನ್ನೆ ಅಪ್ಪ ಪುಸ್ತಕವನ್ನೂ ಸ್ಕ್ರೀನನ್ನೂ ಪಕ್ಕ ಪಕ್ಕ ಇಟ್ಟು ಬೆರಳಿಟ್ಟು ಒಂದೊಂದೇ ದಿನ ತಾಳೆ ನೋಡಿದ್ರು, ಒಂದು ಗಂಟೆ ಹಿಡೀತು. ಕೊನೆಗೆ ಒಂದು ತಪ್ಪು ಸಿಕ್ಕಿತು, ಮೇ 19. ಪುಸ್ತಕದಲ್ಲಿ 8, ಸೈಟಲ್ಲಿ 18. ಅದು ಬರ್ಲಿನ್ ಅಲ್ಲ, ಸೆಲ್ಲೂ ಅಲ್ಲ, ಆ ದಿನ ಅಪ್ಪ ಮಂಗಳೂರಿಗೆ ಹೋಗಿದ್ದು, ಒತ್ತಿದ್ದು ನಾನು.

ಅಡಿಕೆಸೋಗೆ

ಟಚ್‌ಸ್ಕ್ರೀನ್ ಮಾತು ಪುನಃ ಹಾಕ್ತಾ ಇದ್ದೇನೆ, ಈ ಸಲ ಬೇರೆ ಹೆಸರಿಗೆ 😂

ಕುಂಬ್ಳೆ_ಕಡಲು

@ತೋಟದಮೂಲೆ ಆ ಕಂಪ್ಯೂಟರ್ ಮ್ಯೂಸಿಯಮ್ಮಿಗೆ ಕೊಡುವ ದಿನ ಹೇಳಿ, ಡಿಡಿಆರ್2 ರಾಮ್ ನನಗೆ ಬೇಕು. ನನ್ನದರಲ್ಲಿ ಇರುದು 1 ಜಿಬಿ.